ಜಾಡಿಯಲ್ಲಿ ಸತ್ತ ಹುಳಿಹಿಟ್ಟು

ರಜೆಯ ಮರುದಿನ ಬೆಳಿಗ್ಗೆ ಜಾಡಿಯ ಮುಚ್ಚಳ ತೆಗೆದ ಬೇಕರಿಯ ಒಡತಿ ನಿಂತಲ್ಲೇ ಕಲ್ಲಾದಳು. ಅತ್ತೆ ಸಾಯುವ ಮುನ್ನ ಅವಳ ಕೈಗಿತ್ತ ಹುಳಿಹಿಟ್ಟು ಅದು. ಅದನ್ನು ಬೆರೆಸಿದರೇ ಅಲ್ಲಿಯ ಬ್ರೆಡ್ ಉಬ್ಬುತ್ತಿತ್ತು. ಆ ರುಚಿಗೇ ಬೀದಿಯ ಜನ ಬಾಗಿಲಲ್ಲಿ ಕಾಯುತ್ತಿದ್ದರು. ದಿನವೂ ಗುಳ್ಳೆಯೇಳುತ್ತ ಉಸಿರಾಡುತ್ತಿದ್ದ ಹಿಟ್ಟು ಇಂದು ಗೋಂದಿನಂತೆ ತೆಪ್ಪಗೆ ಬಿದ್ದಿತ್ತು.

ಅವಳ ಕೂಗಿಗೆ ಮೊದಲು ಓಡಿಬಂದವಳು ನಾದಿನಿ. ಅತ್ತಿಗೆಯನ್ನು ತಬ್ಬಿಕೊಂಡು ತಾನೇ ಅತ್ತಳು. ಅವಳ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಇದೇನೇ ಕೈಗೆ?"

"ಇಸ್ತ್ರಿಪೆಟ್ಟಿಗೆ ತಾಗಿತು ಬಿಡಿ. ನಿಮ್ಮ ಹೊಟ್ಟೆ ಉರೀತಿರುವಾಗ ನನ್ನ ಕೈ ಯಾವ ಲೆಕ್ಕ ಅತ್ತಿಗೆ?"

"ಇದು ಭಟ್ಟಿಯವನದೇ ಕೆಲಸ," ಎಂದು ಗಂಡ ಹಲ್ಲು ಕಡಿದ. ಭಟ್ಟಿಯಲ್ಲಿ ಬ್ರೆಡ್ ಬೇಯಿಸುವ ಆಳು ಅವನು; ಮೊನ್ನೆ ಸೀಯಿಸಿದ್ದಕ್ಕೆ ಅವನನ್ನು ಎಲ್ಲರೆದುರು ಬೈದಿದ್ದಳು ಒಡತಿ. ಬೇಕರಿಯ ಇನ್ನೊಂದು ಬೀಗದಕೈ ಅವನಲ್ಲೇ ಇತ್ತು. ರಜೆಯ ದಿನ ಅವನು ಒಳಹೋದದ್ದನ್ನು ಎದುರಂಗಡಿಯವರು ಕಂಡಿದ್ದರು.

"ಸೌದೆ ಒಟ್ಟಿಟ್ಟು ಹೋದೆ ಅಕ್ಕಾ. ಜಾಡಿ ಮುಟ್ಟಿಲ್ಲ, ಮಕ್ಕಳಾಣೆ," ಎಂದು ಭಟ್ಟಿಯವನು ಗೋಗರೆದ. ಒಡತಿ ಮುಖ ತಿರುಗಿಸಿಕೊಂಡಳು.

ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಡಂ ಪೊಲೀಸ್ ಕೆಲಸದಿಂದ ನಿವೃತ್ತರಾದವರು. ಅವರು ಬಂದು ಗಾಜಿನ ಜಾಡಿಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಕೂದಲೆಳೆಯಂಥ ಹೊಸ ಬಿರುಕು. ಆಮೇಲೆ ಭಟ್ಟಿಯೊಳಗೆ ಕೈಯಿಟ್ಟು ನೋಡಿದರು.

"ನಿನ್ನೆ ಇದನ್ನು ಹಚ್ಚಿರಲಿಲ್ವಾ?"

"ಇಲ್ಲ," ಎಂದಳು ಒಡತಿ. "ಹಚ್ಚಿದ್ರೆ ಇವತ್ತೂ ಬಿಸಿ ಇರ್ತಿತ್ತು. ಕೆಳಗೆ ಬೇರೆ ಒಲೆಯೇ ಇಲ್ಲ."

"ಮೇಲೆ ಮನೆಯಲ್ಲಿ ಯಾರಿದ್ರು?"

"ನಾವಿಬ್ರೂ ಅತ್ತೆಯ ಸಮಾಧಿಗೆ ಹೋಗಿದ್ವಿ, ಮನೆಗೆ ಬೀಗ ಹಾಕ್ಕೊಂಡು. ತಲೆನೋವು ಅಂತ ಇವಳೊಬ್ಬಳೇ ಒಳಗೆ ಮಲಗಿದ್ದಳು."

ಮನೆಯಿಂದ ಬೇಕರಿಗಿಳಿಯುವ ಒಳಮೆಟ್ಟಿಲನ್ನೂ ಅದರ ತುದಿಯ ಬಾಗಿಲನ್ನೂ ಒಮ್ಮೆ ನೋಡಿ, ಮೇಡಂ ಜಾಡಿಯೊಂದಿಗೆ ತಮ್ಮ ಕೋಣೆಗೆ ಹೋದರು.

ಸಂಜೆ ಹಿಟ್ಟು ನಾದುವ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿದರು.

"ಭಟ್ಟಿಯವನನ್ನು ಏನು ಮಾಡೋಣ ಹೇಳಿ."

ನಾದಿನಿ ಅತ್ತಿಗೆಯ ಕೈ ಹಿಡಿದುಕೊಂಡಳು. "ಪೊಲೀಸಿಗೆ ಕೊಡಬೇಡಿ ಅತ್ತಿಗೆ. ಸಿಟ್ಟಿನ ಭರದಲ್ಲಿ ಕುದಿಯೋ ನೀರು ಸುರಿದುಬಿಟ್ಟಿದ್ದಾನೆ, ಪಾಪ. ನಿಮ್ಮದು ದೊಡ್ಡ ಮನಸ್ಸು."

"ಕುದಿಯೋ ನೀರು ಅಂತ ನಿನಗೆ ಯಾರು ಹೇಳಿದ್ರಮ್ಮ?" ಎಂದರು ಮೇಡಂ.

ನಾದಿನಿ ಅತ್ತಿಗೆಯ ಕೈ ಬಿಟ್ಟು ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

"ಬೆಂದ ಹಿಟ್ಟು ಗೋಂದಾಗುತ್ತೆ. ತಣ್ಣನೆ ಗಾಜಿಗೆ ಕುದಿನೀರು ಬಿದ್ರೆ ಬಿರುಕು ಬಿಡುತ್ತೆ. ಇದನ್ನು ನಾನು ಯಾರ ಹತ್ರವೂ ಬಾಯಿ ಬಿಟ್ಟಿಲ್ಲ. ನಿನ್ನೆ ಕೆಳಗೆ ಬೆಂಕಿಯಿರಲಿಲ್ಲ. ಇವನ ಕೈಯಲ್ಲಿ ಬೇಕರಿಯ ಬೀಗದಕೈ ಇತ್ತೇ ಹೊರತು ಮನೆಯದ್ದಲ್ಲ; ಒಳಮೆಟ್ಟಿಲ ಬಾಗಿಲ ಚಿಲಕವೂ ಮನೆಯ ಕಡೆಗೇ ಇದೆ. ನೀರು ಕಾದದ್ದು ಮೇಲಿನ ಅಡುಗೆಮನೆಯಲ್ಲಿ, ಇಳಿದು ಬಂದದ್ದು ಒಳಮೆಟ್ಟಿಲಲ್ಲಿ. ಇಸ್ತ್ರಿಪೆಟ್ಟಿಗೆ ತಾಗಿದ್ರೆ ಅದರ ಅಂಚಿನ ಗೆರೆ ಮೂಡಿರುತ್ತೆ. ಬಟ್ಟೆ ಬಿಚ್ಚು, ನೋಡೋಣ."

ಗಂಡ ಎದ್ದು ತಂಗಿಯ ಕೈಯ ಬಟ್ಟೆ ಬಿಚ್ಚಿದ. ಗೆರೆಯಿರಲಿಲ್ಲ. ನೀರು ಸಿಡಿದ ಕಡೆಯೆಲ್ಲ ಹನಿಹನಿಯಾಗಿ ಬೊಬ್ಬೆ ಎದ್ದಿತ್ತು.

ಅತ್ತೆ ಬದುಕಿದ್ದಾಗ ಊಟದ ಹೊತ್ತಿಗೆ ಬೈಬಲ್ ಓದುತ್ತಿದ್ದರು. ಒಳಗೆ ಹಗೆ ಬಚ್ಚಿಟ್ಟುಕೊಂಡು ನಯವಾಗಿ ಮಾತಾಡುವವರ ಭಾಗ ಬಂದಾಗಲೆಲ್ಲ ಒಡತಿಗೆ ಬೀದಿಯ ಯಾರ್‍ಯಾರೋ ನೆನಪಾಗುತ್ತಿದ್ದರು. ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವಳತ್ತ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಯಾಕೆ?" ಎಂದಳು.

"ಹೆತ್ತ ಮಗಳು ಮಂಚದ ಪಕ್ಕದಲ್ಲೇ ನಿಂತಿದ್ದೆ. ಅಮ್ಮ ನನ್ನನ್ನು ದಾಟಿ ಕೈ ಚಾಚಿ ಜಾಡಿ ನಿಮಗೆ ಕೊಟ್ಟಳು." ನಾದಿನಿಯ ದನಿಯಲ್ಲಿ ಸಕ್ಕರೆಯ ಸುಳಿವೂ ಇರಲಿಲ್ಲ.

"ಒಂದು ಮಾತು ಕೇಳಿದ್ರೆ ಅರ್ಧ ಕೊಡ್ತಿದ್ದೆನಲ್ಲೇ! ಹಿಟ್ಟು ನೀರು ಕಲಸಿದ್ರೆ ಮತ್ತೆ ಬೆಳೆಯುತ್ತೆ, ಹಂಚಿದ್ರೆ ಕರಗಿಹೋಗೋ ವಸ್ತುವಾ ಅದು?"

"ನನಗೆ ಅರ್ಧ ಬೇಕಿರಲಿಲ್ಲ."

ಒಡತಿ ಅವಳ ಮುಖ ನೋಡಿದಳು. "ನನ್ನ ಮಗು ಹೋದಾಗ ರಾತ್ರಿಯೆಲ್ಲ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕಣ್ಣೀರು ಹಾಕಿದೆಯಲ್ಲ... ಆವಾಗಲೂ?"

ನಾದಿನಿ ಎದ್ದಳು. ಮೆಟ್ಟಿಲು ಹತ್ತಿ ಗಂಟು ಕಟ್ಟಿಕೊಂಡು ಬಂದಳು. ಅಣ್ಣನ ಮುಖವನ್ನೂ ನೋಡದೆ ಬೀದಿಗಿಳಿದಳು.

ಒಡತಿ ಭಟ್ಟಿಯವನ ಮುಂದೆ ಕೈಮುಗಿದು ನಿಂತಳು. ಅವನು ಗಾಬರಿಯಾಗಿ ಹಿಂದೆ ಸರಿದ.

"ಅಕ್ಕಾ, ಬೇಡ. ಸತ್ಯ ಹೊರಬಂತು, ನನಗೆ ಸಾಕು. ನಿಮ್ಮ ನಾದಿನಿಯನ್ನ ನೀವು ನಂಬಿದ್ರಿ, ಅಷ್ಟೇ ತಾನೇ?"

"ಅವಳು ಹೇಳಿದ್ದೆಲ್ಲವನ್ನೂ ನಂಬಿದ್ದೆ ಕಣೋ," ಎಂದಳು ಒಡತಿ. ಆಗಲೇ ಅವಳಿಗೆ ಅಳು ಬಂದದ್ದು.