ಹೆಲಿಕಾಪ್ಟರ್ ಮೂತಿಯ ಖಾಲಿ ಗೂಡು

ಪರದೆ ಬೆಳಗಲಿಲ್ಲ.

ಮುಖ್ಯ ಎಂಜಿನಿಯರ್ ಇನ್ನೊಮ್ಮೆ ಗುಂಡಿ ಒತ್ತಿದಳು. ಊಹೂಂ! ಹೆಲಿಕಾಪ್ಟರಿನಿಂದ ಕೆಳಗೆ ಧುಮುಕಿ, ಮೂತಿಯ ಮುಚ್ಚಳದ ಬೋಲ್ಟುಗಳಿಗೆ ಬಿಗಿದಿದ್ದ ತಂತಿಯನ್ನು ಕತ್ತರಿಸಿ ಟ್ರೇಗೆ ಎಸೆದಳು. ಮುಚ್ಚಳ ತೆಗೆದಳು. ಗುರಿ ಹಿಡಿಯುವ ಯಂತ್ರದ ಸರ್ಕ್ಯೂಟ್ ಕಾರ್ಡು ಇರಬೇಕಾದ ಗೂಡು ಖಾಲಿ.

ನಾಲ್ಕು ದೇಶಗಳು ಸೇರಿ ಹಳೆಯ ಯುದ್ಧ ಹೆಲಿಕಾಪ್ಟರೊಂದಕ್ಕೆ ಹೊಸ ಜೀವ ಕೊಡುತ್ತಿದ್ದವು. ಒಬ್ಬರದು ಎಂಜಿನ್, ಒಬ್ಬರದು ರೆಕ್ಕೆ, ಮತ್ತೊಬ್ಬರದು ಕ್ಷಿಪಣಿ. ಗುರಿ ಹಿಡಿಯುವ ಕಣ್ಣು ಮಾತ್ರ ಇವಳದು. ಒಂದು ಲೋಟ ಚಹಾಕ್ಕೂ ಮೂರು ಸಭೆ ಕರೆಯುವ ಆ ಕೂಟದಲ್ಲಿ ತನ್ನ ಕಾರ್ಡಿಗೆ ಒಪ್ಪಿಗೆ ಪಡೆಯುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಮಧ್ಯಾಹ್ನ ಎಲ್ಲರೆದುರು ಹಾರಾಟ. ಅದು ತಪ್ಪಿದರೆ ಹೊಸ ಕಣ್ಣನ್ನು ಕೈಬಿಟ್ಟು ಹಳೆಯ ಗುರಿಯಂತ್ರವನ್ನೇ ಉಳಿಸಿಕೊಳ್ಳುವುದೆಂದು ಮೊದಲೇ ತೀರ್ಮಾನವಾಗಿತ್ತು.

ತನಿಖಾಧಿಕಾರಿ ಬಂದ. ಬಾಯಿ ಮುಚ್ಚಿ ಗೊತ್ತೇ ಇಲ್ಲದ ಅವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು.

"ಈ ಹ್ಯಾಂಗರ್ ಶೆಡ್ಡಿನ ಕೀಲಿ ಯಾರ ಹತ್ರ ಇರುತ್ತೆ, ಮೇಡಂ?"

"ಎರಡಿದೆ. ಒಂದು ನಂದು. ಇನ್ನೊಂದು ಕ್ಷಿಪಣಿ ಕಡೆ ತಜ್ಞರದು."

"ನಿಮ್ಮದು ಎಲ್ಲಿತ್ತು?"

"ಮನೇಲಿ, ಮೊಳೆಗೆ ನೇತುಹಾಕಿದ್ದೆ."

"ಮನೇಲಿ ಯಾರ್ಯಾರಿದೀರಿ?"

"ನಾನು, ನಮ್ಮ ಸೋದರಮಾವ. ಅಗೋ, ಅಲ್ಲೇ ನಿಂತಿದಾರಲ್ಲ!"

ಮಾವ ನಿವೃತ್ತರಾದ ಮೇಲೂ ಕಾರ್ಖಾನೆಯ ಸಲಹೆಗಾರರು. ಹಳೆಯ ಗುರಿಯಂತ್ರ ಅವರದೇ ಕೈಕೆಲಸ. ತಾಯಿಯಿಲ್ಲದ ಅವಳನ್ನು ಸಾಕಿ, ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರೂ ಅವರೇ.

ಮೌನಿ ಕ್ಷಿಪಣಿ ತಜ್ಞನ ಕಡೆ ತಿರುಗಿದ. "ಇವರ ಕಾರ್ಡ್ ಹೋದ್ರೆ ನಿಮಗೇನು ಲಾಭ?"

"ಲಾಭವಾ? ಅದಕ್ಕೆ ಹೊಂದೋ ಹಾಗೆ ನಮ್ಮ ಕ್ಷಿಪಣಿ ತಿದ್ದಿ ತಿದ್ದಿ ನನ್ನ ತಲೇಲಿ ಕೂದಲೇ ಉಳೀಲಿಲ್ಲ!"

"ಪೈಲಟ್ ಸಾಹೇಬ್ರೇ, ಹೊಸ ಪರದೆ ಬೇಡ ಅಂದಿದ್ರಂತೆ?"

"ತಲೆ ಸುತ್ತುತ್ತೆ ಅಂದಿದ್ದೆ, ನಿಜ. ಹಾಗಂತ ಕದೀತೀನಾ? ಹಾರ್ಸೋದು ಬಿಟ್ರೆ ನಂಗೆ ಒಂದು ಬೋಲ್ಟ್ ಬಿಚ್ಚೋಕೂ ಬರಲ್ಲ."

"ನೀವು, ಹಿರಿಯರೇ?"

"ಬೆಳಿಗ್ಗೆ ವಾಕಿಂಗ್ ಹೋಗಿದ್ದೆ," ಎಂದರು ಮಾವ. "ಅವಳಿನ್ನೂ ಮಲಗಿದ್ಲು."

ಮೌನಿ ಗಂಟಲು ಸರಿಮಾಡಿಕೊಂಡ. "ಕೊನೇಲಿ ಕಾರ್ಡ್ ಮುಟ್ಟಿದ್ದು ನೀವು, ಮೇಡಂ. ಕೀಲೀನೂ ನಿಮ್ಮದೇ. ಗುರುತಿನ ಚೀಟಿ ಕೊಡಬೇಕಾಗುತ್ತೆ."

ಕಾವಲಿನವನು ಎಲ್ಲರೆದುರೇ ಅವಳ ಕೊರಳಿನಿಂದ ಚೀಟಿ ತೆಗೆದ. ಮುಖಕ್ಕೆ ಹೊಡೆದಂತಾಯಿತು. ಮಾವ ಈಗ ಏನಾದರೂ ಹೇಳುತ್ತಾರೆ ಎಂದು ಅವಳು ಕಾದಳು. ಅವರು ಕನ್ನಡಕ ಒರೆಸುತ್ತಿದ್ದರು.

ಮೌನಿ ಸುಮ್ಮನಿರದೆ ಟ್ರೇಯನ್ನು ತಡಕಾಡಿ ತಂತಿಯ ತುಂಡನ್ನು ಎತ್ತಿದ. "ಇದೇನಿದು?"

"ಲಾಕ್ ವೈರ್. ಹಾರೋವಾಗ ಅದುರಿ ಬೋಲ್ಟ್ ಸಡಿಲ ಆಗ್ಬಾರ್ದು ಅಂತ ಕಟ್ಟೋದು. ನಿನ್ನೆ ನಾನೇ ಕಟ್ಟಿದ್ದೆ."

"ಇನ್ನೊಂದು ಸಲ ಕಟ್ಟಿ ತೋರ್ಸಿ, ನೋಡೋಣ."

ಅವಳು ತಂತಿ ಹೆಣೆಯುವ ಇಕ್ಕಳಕ್ಕೆ ತಂತಿ ಸಿಕ್ಕಿಸಿ ಎಳೆದಳು. ತಂತಿ ಗಿರ್ರನೆ ಹೆಣೆದುಕೊಂಡಿತು. ಮೌನಿ ಎರಡನ್ನೂ ಅಕ್ಕಪಕ್ಕ ಇಟ್ಟ.

"ನಿಮ್ಮದು ಇಕ್ಕಳದ್ದು, ಸುತ್ತೆಲ್ಲ ಒಂದೇ ಸಮ. ಮೂತಿಯಲ್ಲಿದ್ದದ್ದು ಬೆರಳಲ್ಲಿ ತಿರುಚಿದ್ದು — ಒಂದು ಸುತ್ತು ಬಿಗಿ, ಒಂದು ಸಡಿಲ. ಅಂದ್ರೆ ಕಳ್ಳ ನಿಮ್ಮ ತಂತಿ ಕತ್ತರಿಸಿ, ಕಾರ್ಡ್ ತಗೊಂಡು, ಮತ್ತೆ ಹೊಸ ತಂತಿ ಕಟ್ಟಿದಾನೆ! ಮುಚ್ಚಳ ಮುಚ್ಚಿ ಓಡಬಹುದಿತ್ತು. ಯಾಕೆ ಓಡಲಿಲ್ಲ? ಬೋಲ್ಟನ್ನ ತಂತಿ ಕಟ್ಟದೆ ಬಿಟ್ಟು ಅಭ್ಯಾಸ ಇರೋ ಕೈಯೇ ಅಲ್ಲ ಅದು. ಚುಚ್ಚಬಾರ್ದು ಅಂತ ತುದೀನೂ ಎರಡು ಸಲ ಒಳಗೆ ಮಡಚಿದಾನೆ. ಇಲ್ಲಿ ಹೀಗೆ ಮಡಚೋರು ಯಾರು, ಮೇಡಂ?"

ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ತಂತಿ ಚುಚ್ಚಿ ಬೆರಳೆಲ್ಲ ರಕ್ತವಾಗಿತ್ತು. ಅಂದಿನಿಂದ ಒಬ್ಬರು ಮಾತ್ರ ಹಾಗೆ ಮಡಚುತ್ತಿದ್ದರು.

"ಮಾವಾ..."

"ಕಾರ್ಡನ್ನ ಎಲ್ಲೋ ಎಸೆಯೋ ಕೈಯೂ ಅಲ್ಲ ಅದು," ಎಂದ ಮೌನಿ. "ಕೊಟ್ಬಿಡಿ, ಹಿರಿಯರೇ."

ಮಾವ ಕೋಟಿನ ಒಳಜೇಬಿನಿಂದ ಕಾರ್ಡು ತೆಗೆದರು. ಕಪ್ಪು ಚೀಲದಲ್ಲಿ ಜೋಪಾನವಾಗಿ ಸುತ್ತಿದ್ದರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಹಳೇದು ಗುಜರಿಗೆ ಹೋಗ್ಲಿ ಅಂತ ಸಭೇಲಿ ಹೇಳಿದ್ದು ನೀನೇ ಅಲ್ವೇನೆ? ನನ್ನ ಜೀವಮಾನದ ಕೆಲಸ ಅದು. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಲಿಲ್ಲ. ತಪ್ಪೇ. ಅದಕ್ಕೆ ಬೈಬಹುದಿತ್ತು. ಮನೇಲಿ ಮಾತು ಬಿಡಬಹುದಿತ್ತು." ಅವಳು ತನ್ನ ಖಾಲಿ ಕೊರಳನ್ನು ಮುಟ್ಟಿ ತೋರಿಸಿದಳು. "ಎಲ್ಲರೆದುರು ನನ್ನನ್ನ ಕಳ್ಳಿ ಮಾಡಿದಾಗ ಸುಮ್ನೆ ನಿಂತಿದ್ಯಲ್ಲ, ಮಾವ!"

ಮಾವ ಕಾರ್ಡನ್ನು ಅವಳತ್ತ ಚಾಚಿದರು.

ಹಾರಾಟಕ್ಕೆ ಇನ್ನೂ ಸಮಯವಿತ್ತು. ಅವಳು ಕಾರ್ಡು ಇಸಿದುಕೊಂಡು ಗೂಡಿನೆದುರು ಬಗ್ಗಿದಳು. ಕಾವಲಿನವರು ಮಾವನ ಅಕ್ಕಪಕ್ಕ ಬಂದು ನಿಂತರು.

"ವರದಿ ಬರೀಬೇಕು, ಮೇಡಂ," ಮೌನಿ ದನಿ ತಗ್ಗಿಸಿ ಕೇಳಿದ. "ಇವರು ನಿಮಗೆ ಏನಾಗಬೇಕು ಅಂತ ಬರೀಲಿ?"

ಅವಳು ತಿರುಗಿ ನೋಡಲಿಲ್ಲ.

"ಸಲಹೆಗಾರರು ಅಂತ ಬರೀರಿ," ಎಂದಳು.