ಅಡ್ಡಲಾಗಿ ಎಸೆದ ಇಟ್ಟಿಗೆ

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ನುಗ್ಗಿದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ತಮ್ಮ ಭೌತಶಾಸ್ತ್ರದ ಟ್ಯೂಷನ್ ಮೇಷ್ಟ್ರು. ತನಗೆ ಪಾಠ ಕಲಿಸಿದ ಹಳೆಯ ಮೇಷ್ಟ್ರ ಕಟ್ಟಡದ ಮೆಟ್ಟಿಲ ಬಳಿ ನಿಂತಿದ್ದಾಗ ಅವನ ತಲೆಗೆ ಇಟ್ಟಿಗೆ ಬಡಿದಿತ್ತು. ಬದುಕುತ್ತಾನೆಂದು ವೈದ್ಯರು ಹೇಳುತ್ತಿರಲಿಲ್ಲ.

"ಎದುರು ತಾರಸಿಯಲ್ಲಿದ್ದ ಪೇಂಟರ್ ಎಸೆದಿದ್ದು. ನಿನ್ನೆ ನಮ್ಮ ಬೈಕ್ ಮೇಲೆ ಬಣ್ಣ ಚೆಲ್ಲಿ, ಕೇಳಿದ್ದಕ್ಕೆ ಜಗಳಕ್ಕೆ ಬಂದಿದ್ದ."

ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಪೇಂಟರ್ ಲಾಕಪ್ಪಿನಲ್ಲಿದ್ದ. ಹೊರಗೆ ನಿಂತ ಅವನ ಹೆಂಡತಿಯ ಮುಖಕ್ಕೆ ಗಾಯಾಳುವಿನ ಅಕ್ಕ ಉಗಿದಳು. ಬಿಡಿಸಬೇಕಾದ ಪೇದೆಗಳು ಗೋಡೆ ನೋಡುತ್ತಿದ್ದರು.

ಪ್ರತ್ಯಕ್ಷ ಸಾಕ್ಷಿ ಹಳೆಯ ಮೇಷ್ಟ್ರೇ. ಮೊದಲ ಮಹಡಿಯ ಕಿಟಕಿಯಿಂದ ಕಂಡೆನೆಂದು ಹೇಳಿಕೆ ಕೊಟ್ಟಿದ್ದರು. ಜೊತೆಗೆ ಇಟ್ಟಿಗೆ ಹಾರಿಬಂದ ವೇಗದ ಲೆಕ್ಕವನ್ನೂ ಮಾಡಿಕೊಟ್ಟಿದ್ದರು. ಕೇಳದೆಯೇ ಬೇಯಿಸಿ ಬಡಿಸಿದ ಸಾಕ್ಷಿ ಇನ್‌ಸ್ಪೆಕ್ಟರ್ ಮೇಡಂಗೆ ಎಂದೂ ಒಗ್ಗುತ್ತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ 'ಮೈಕು'ವನ್ನು ಕರೆದುಕೊಂಡು ಪಂಚನಾಮೆಗೆ ಹೊರಟರು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುವ ಗಂಟಲಿನಿಂದ ಅವನಿಗೆ ಆ ಹೆಸರು ಬಂದಿತ್ತು.

ಪಂಚರ ಎದುರು ಮೈಕು ಟೇಪು ಹಿಡಿದ. ಎದುರು ತಾರಸಿಯಿಂದ ಗಾಯಾಳುವಿನ ತಲೆಯ ಮಟ್ಟಕ್ಕೆ ಎಂಟು ಮೀಟರ್. ರಸ್ತೆ ದಾಟಿ ಮೆಟ್ಟಿಲಿಗೆ ಹತ್ತು ಮೀಟರ್. ರಸ್ತೆಯ ನಟ್ಟನಡುವೆ ವಿಭಜಕದ ದೀಪದ ಕಂಬಗಳಿದ್ದವು. ಅಲ್ಲಿ ನಿಂತು ಮೇಲೆ ನೋಡಿದ ಮೇಡಂ ಅಲ್ಲಿನ ಎತ್ತರವನ್ನೂ ಅಳತೆ ಮಾಡಿಸಿದರು. ಆಮೇಲೆ ಮೇಷ್ಟ್ರ ಮಹಡಿ ಹತ್ತಿದರು.

ತರಗತಿಯಲ್ಲಿ ಬೆಂಚುಗಳ ಮೇಲೆ ಧೂಳಿತ್ತು. ಮೇಷ್ಟ್ರು ಕರಿಹಲಗೆಯ ಮುಂದೆ ನಿಂತೇ ಇದ್ದರು.

"ಹೇಗೆ ಎಸೆದ?" ಎಂದರು ಮೇಡಂ.

"ಅಡ್ಡಲಾಗಿ. ನೆಲಕ್ಕೆ ಸಮಾನಾಂತರವಾಗಿ."

"ಮೇಲಕ್ಕೆ ಎತ್ತಿ ಎಸೆದಿರಬಹುದಲ್ಲ?"

"ಕಣ್ಣಾರೆ ಕಂಡಿದ್ದೀನಿ ಅಂತಿದ್ದೀನಿ. ಅಡ್ಡ ವೇಗ ಸೆಕೆಂಡಿಗೆ ಎಂಟು ಮೀಟರ್. ನಿಮಗೆಲ್ಲಿ ಅರ್ಥ ಆಗುತ್ತೆ."

"ನಾನು ದಡ್ಡಿ, ಒಪ್ಪಿದೆ. ಒಂದು ಹೇಳಿಕೊಡಿ ಸರ್. ಅರ್ಧ ದಾರಿಗೆ ಬಂದಾಗ ಇಟ್ಟಿಗೆ ಎಷ್ಟು ಕೆಳಗಿಳಿದಿರುತ್ತೆ? ನಾಲ್ಕು ಮೀಟರಾ?"

ಮೇಷ್ಟ್ರ ಮುಖದಲ್ಲಿ ತಿರಸ್ಕಾರ ಕಂಡಿತು. "ಎಲ್ಲಾ ದಡ್ಡರೂ ಇದೇ ತಪ್ಪು ಮಾಡ್ತಾರೆ. ಅಡ್ಡಕ್ಕೆ ವೇಗ ಒಂದೇ ಸಮ, ಕೆಳಕ್ಕೆ ಹೆಚ್ಚುತ್ತಾ ಹೋಗುತ್ತೆ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಅರ್ಧ ದೂರಕ್ಕೆ ಅರ್ಧ ಸಮಯ. ಅರ್ಧ ಸಮಯಕ್ಕೆ ಬೀಳೋದು ಕಾಲು ಭಾಗ. ಎರಡೇ ಮೀಟರ್." ಹಲಗೆಯ ಮೇಲೆ ಬಾಗಿದ ಗೆರೆ ಎಳೆದು, ನಡುವೆ ಚುಕ್ಕೆ ಇಟ್ಟರು.

"ಸಂಶಯ ಇಲ್ಲ ತಾನೆ ಸರ್?"

"ಇಲ್ಲ."

"ಹಾಗಾದ್ರೆ ಆ ಚುಕ್ಕೆ ಇರೋ ಜಾಗದಲ್ಲೇ ಬ್ಯಾನರ್ ಇದೆ ಸರ್. ತಾರಸಿಗಿಂತ ಒಂದು ಮೀಟರ್ ಕೆಳಗೆ ಶುರುವಾಗಿ ಮೂರಕ್ಕೆ ಮುಗಿಯುತ್ತೆ. ರಸ್ತೆಯುದ್ದಕ್ಕೆ ಕಂಬದಿಂದ ಕಂಬಕ್ಕೆ ಬಿಗಿದಿದ್ದಾರೆ. ಒಂದು ತೂತಿಲ್ಲ, ಒಂದು ಗೀರಿಲ್ಲ."

"ಯಾವ ಬ್ಯಾನರ್?"

ಮೈಕು ನಕ್ಕುಬಿಟ್ಟ. ತಿಂಗಳಿಂದ ಇಡೀ ಬೀದಿ ಅದರ ಪಕ್ಕದಲ್ಲೇ ಓಡಾಡುತ್ತಿತ್ತು. ಮೇಡಂ ನಗಲಿಲ್ಲ, ಕಿಟಕಿಯತ್ತ ನಡೆದರು. ಗಾಜಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿತ್ತು. ಅಂಟು ಒಣಗಿ ಎಷ್ಟೋ ದಿನಗಳಾಗಿದ್ದವು. ಒಂದು ಹಾಳೆ ಹರಿದಾಗ ಎದುರಿನ ಬ್ಯಾನರ್‌ನಲ್ಲಿ ಕಂಡದ್ದು ಗಾಯಾಳು ಯುವ ಮೇಷ್ಟ್ರ ನಗುಮುಖ, ಅದರ ಅಡಿಯಲ್ಲಿ ಅವನ ಟ್ಯೂಷನ್ನಿನ ವಿಳಾಸ.

"ಇದನ್ನು ನೋಡಬಾರದು ಅಂತ ನೀವೇ ಮುಚ್ಚಿದ್ರಿ. ಮುಚ್ಚಿದ ಕಿಟಕಿಯಿಂದ ಏನು ಕಂಡ್ರಿ?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಬೀದಿಯಲ್ಲಿ ನಡೆಯುವಾಗಲೂ ಅವರು ತಲೆ ಎತ್ತಿರಲಿಲ್ಲ. ಅವರು ಹೆಣೆದ ಲೆಕ್ಕದಲ್ಲಿ ತಾರಸಿಯಿತ್ತು, ತಲೆಯಿತ್ತು, ನಡುವೆ ಬರಿಯ ಗಾಳಿಯಿತ್ತು.

ಅವರದೇ ತಾರಸಿಯಲ್ಲಿ ನೀರಿನ ತೊಟ್ಟಿಯ ಮುಚ್ಚಳ ಹಾರದಂತೆ ನಾಲ್ಕು ಮೂಲೆಗೆ ಇಟ್ಟಿಗೆ ಹೇರಿದ್ದರು. ಒಂದು ಮೂಲೆಯಲ್ಲಿ ಬರೀ ಅಚ್ಚು ಉಳಿದಿತ್ತು. ಜಪ್ತಿ ಮಾಡಿದ್ದ ಇಟ್ಟಿಗೆ ಅಲ್ಲಿ ಸರಿಯಾಗಿ ಕೂತಿತು. ಅಲ್ಲಿಂದ ನೇರ ಕೆಳಗೆ ಮೆಟ್ಟಿಲು.

"ಎಸೀಲಿಲ್ಲ. ಕೈ ಬಿಟ್ಟೆ, ಅಷ್ಟೇ," ಎಂದರು ಮೇಷ್ಟ್ರು.

"ಪೇಂಟರ್ ನಿಮಗೇನು ಮಾಡಿದ್ದ?"

"ಏನೂ ಇಲ್ಲ. ಎದುರಿಗಿದ್ದ."

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಠಾಣೆ ಪೇಂಟರನ್ನು ಬಿಟ್ಟಿತು. ಮೈಕು ಚಹಾ ಕೊಡಲು ಹೋದ. "ನಿನ್ನ ಚಹಾ ನೀನೇ ಕುಡಿ," ಎಂದ ಪೇಂಟರ್, ತನ್ನ ಹೆಂಡತಿಯ ಕೈ ಹಿಡಿದು ಹೊರನಡೆದ. ಆಕೆಯ ಮುಖಕ್ಕೆ ಉಗಿದವಳು ಬಾಗಿಲಲ್ಲೇ ಇದ್ದಳು, ಕ್ಷಮೆ ಕೇಳಲಿಲ್ಲ.

ಮೇಷ್ಟ್ರ ಹೇಳಿಕೆ ಚಿಕ್ಕದು. "ನಿನ್ನೆ ಬಂದು, ನಮ್ಮಲ್ಲಿ ಪಾಠ ಮಾಡಿ ಸರ್, ಮೊದಲ ಅಧ್ಯಾಯಗಳು ಸಾಕು, ಸಂಬಳ ಕೊಡ್ತೀನಿ ಅಂದ. ನನಗೆ. ಬೆಳಿಗ್ಗೆ ಉತ್ತರ ಕೇಳೋಕೆ ಬರ್ತೀನಿ ಅಂದಿದ್ದ. ಬಂದ."

ಮೇಡಂ ಅದನ್ನು ಅಕ್ಕನಿಗೆ ಓದಿ ಹೇಳಿದರು. ಅವಳು ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತಳು.

"ಕಳಿಸಿದ್ದು ನಾನೇ," ಎಂದಳು. "ಅವರ ಮನೇಲಿ ಒಲೆ ಹತ್ತುತ್ತಿಲ್ಲ ಅಂತ ಗೊತ್ತಾಯ್ತು. ತಮ್ಮನಿಗೆ ಬಿಟ್ಟಿಯಾಗಿ ಕಲಿಸಿದೋರು. ಹೋಗಿ ಕರಿ ಅಂದೆ. ಅವನು ಬೇಡ ಅಕ್ಕಾ, ಸರ್‌ಗೆ ನೋವಾಗುತ್ತೆ ಅಂದ. ನಾನೇ ಬೈದು ಕಳಿಸಿದೆ."

ಆಮೇಲೆ ಅವಳು ಲಾಕಪ್ಪಿನ ಕಡೆ ನೋಡಿ ಹೇಳಿದಳು: "ಜಾಮೀನು ಸಿಗಬಾರದು ಮೇಡಂ. ಹಾಗೆ ಬರೀರಿ."