ಸಾಕು ಎನ್ನುವವರು

ಬಾಗಿಲಲ್ಲಿ ಅಷ್ಟೊಂದು ಚಪ್ಪಲಿಗಳನ್ನು ಕಂಡು ಪುಟ್ಟಿ ಹೊಸ್ತಿಲಲ್ಲೇ ನಿಂತಳು. ಸ್ಕೂಲ್ ಬ್ಯಾಗ್ ಇನ್ನೂ ಭುಜದ ಮೇಲಿತ್ತು. ಅಪ್ಪ ಅವಳನ್ನು ಹತ್ತಿರಕ್ಕೆ ಎಳೆದುಕೊಂಡು, ಆಸ್ಪತ್ರೆಯಲ್ಲಿದ್ದ ಅವಳ ಪುಟ್ಟ ತಮ್ಮ ತೀರಿಹೋದನೆಂದು ಮೆಲ್ಲಗೆ ಹೇಳಿದರು.

ಒಳಗೆ ಅಮ್ಮ ಗೋಡೆಗೊರಗಿ ಕುಳಿತಿದ್ದಳು. ಮಡಿಲಲ್ಲಿ ತಮ್ಮನ ಹತ್ತಿಬಟ್ಟೆಯ ಕೈಗವಸುಗಳಿದ್ದವು. ಅವನ ಮೈತುಂಬ ತುರಿಕೆ. ಕೆರೆದು ಗಾಯ ಮಾಡಿಕೊಳ್ಳದಿರಲೆಂದು ಅವಳೇ ಹೊಲಿದದ್ದು.

"ಮಗೂಗೆ ಮೈಯಲ್ಲಿ ಶಕ್ತೀನೇ ಇರ್ಲಿಲ್ಲ," ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. "ಹೊಟ್ಟೆ ತುಂಬ ಉಣಿಸಿದ್ರೆ ಹೀಗಾಗ್ತಿತ್ತಾ?"

ಪುಟ್ಟಿಗೆ ಮೈಯೆಲ್ಲ ಉರಿಯಿತು. ಅಮ್ಮ ಉಣಿಸಲಿಲ್ಲವೇ? ತುತ್ತಿಗೊಂದು ಕತೆ ಕಟ್ಟಿ, ಕತೆ ಮುಗಿದರೆ ಬೆಕ್ಕಿನಂತೆ ಕೂಗಿ ತೋರಿಸಿ ತಿನ್ನಿಸಿದವಳು ಮತ್ತೆ ಯಾರು? ಪುಟ್ಟಿ ಅಪ್ಪನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ದೊಡ್ಡಮ್ಮ ಸುಳ್ಳು ಹೇಳ್ತಿದಾರೆ ಅಲ್ವಾ ಅಪ್ಪಾ?"

"ಗೊತ್ತಿಲ್ದೆ ಹೇಳ್ತಿದಾರೆ."

ಡಾಕ್ಟರು ತಿಳಿಸಿದ್ದನ್ನು ಅಪ್ಪ ತಡೆತಡೆದು ಹೇಳಿದರು. ರೋಗಾಣುಗಳ ಜೊತೆ ಕಾದಾಡಲು ನಮ್ಮ ಮೈಯಲ್ಲಿ ಟಿ ಸೆಲ್ ಎಂಬ ಜೀವಕೋಶಗಳಿವೆ. ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಪುಟ್ಟ ಗ್ರಂಥಿಯೇ ಅವುಗಳ ಸ್ಕೂಲು. ಯಾವುದು ನಮ್ಮದು, ಯಾವುದು ಹೊರಗಿನದು ಎಂಬುದೇ ಅಲ್ಲಿಯ ಪಾಠ. ನಮ್ಮ ಮೈಮೇಲೆಯೇ ಏರಿಬರುವಂಥ ಸೆಲ್‌ಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಕೆಲವು ಮಾತ್ರ ಬೇರೆ ಕೆಲಸ ಕಲಿತು ಹೊರಬರುತ್ತವೆ. ಉಳಿದ ಟಿ ಸೆಲ್‌ಗಳು ಮಿತಿಮೀರಿದಾಗ ಅವನ್ನು ಸುಮ್ಮನಾಗಿಸುವ ಕೆಲಸ ಅದು. ಆ ಕೆಲಸ ಕಲಿಸಬೇಕಾದ ಜೀನ್ ತಮ್ಮನಲ್ಲಿ ಹುಟ್ಟುವಾಗಲೇ ಕೆಟ್ಟಿತ್ತು. ತಡೆಯುವವರಿಲ್ಲದೆ ಅವನ ಸೆಲ್‌ಗಳು ಅವನದೇ ಚರ್ಮದ ಮೇಲೆ, ಕರುಳಿನ ಮೇಲೆ ಬಿದ್ದವು. ಉಂಡದ್ದು ಮೈಗೆ ಹತ್ತಲಿಲ್ಲ.

"ಅಂದ್ರೆ ಅವನಿಗೆ ಶಕ್ತಿ ಕಮ್ಮಿ ಇರ್ಲಿಲ್ಲ?"

"ಇಲ್ಲಮ್ಮ. ಸಾಕು ಅನ್ನೋರು ಇರ್ಲಿಲ್ಲ."

ಪುಟ್ಟಿಗೆ ಅಮ್ಮನ ಮಾತು ನೆನಪಾಯಿತು. ತಮ್ಮ ಪರಪರ ಕೆರೆದುಕೊಳ್ಳುವಾಗಲೆಲ್ಲ ಅಮ್ಮ ಅವನ ಕೈ ಹಿಡಿದು, "ಸಾಕು ಕಂದ, ಸಾಕು," ಎನ್ನುತ್ತಿದ್ದಳು.

ಒಳಗೆ ದೊಡ್ಡಮ್ಮನ ಮಾತು ಮತ್ತೆ ಶುರುವಾಗಿತ್ತು. ಪುಟ್ಟಿಯ ನಾಲಿಗೆಯ ತುದಿಗೆ ಒಂದು ಕೆಟ್ಟ ಮಾತು ಬಂದು ನಿಂತಿತು. ಆಡಿದ್ದರೆ ದೊಡ್ಡಮ್ಮ ಅದನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಅವಳು ಅದನ್ನು ನುಂಗಿ, ನೇರವಾಗಿ ಒಳಗೆ ಹೋಗಿ ಅವರ ಕೈ ಹಿಡಿದುಕೊಂಡಳು.

"ಸಾಕು ದೊಡ್ಡಮ್ಮ."

ದೊಡ್ಡಮ್ಮನ ಮಾತು ಅರ್ಧಕ್ಕೇ ನಿಂತಿತು. ಅಮ್ಮ ತಲೆಯೆತ್ತಿ ನೋಡಿದಳು. ಪುಟ್ಟಿ ಅವಳಿಗೆ ಒತ್ತಿಕೊಂಡು ಕುಳಿತು, ಒಂದು ಕೈಗವಸನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

ದೇವರೇ, ಅವನ ಮೈ ಇನ್ನು ಉರಿಯದಿರಲಿ. ನಿನ್ನ ತೊಡೆಯ ಮೇಲೆ, ಕೈಗವಸಿಲ್ಲದೆ, ನನ್ನ ತಮ್ಮ ನೆಮ್ಮದಿಯಾಗಿ ನಿದ್ದೆ ಮಾಡಲಿ.